ನಕ್ಷೆಯಲ್ಲಿ ಬಣ್ಣ ಬಿಡಿ, ಗೆರೆ ನೋಡಿ

ಪ್ರಶ್ನೆ: ಸರ್, ನಮ್ಮದು ಸುಮಾರು 60 ಸಾವಿರ ಜನರ ಊರು. ಮುಂದಿನ 20 ವರ್ಷಕ್ಕೆ ಅಂತ ಒಂದು ಕರಡು ಮಾಸ್ಟರ್ ಪ್ಲಾನ್ ಹೊರಬಿದ್ದಿದೆ. 300 ಪುಟ, ಜೊತೆಗೆ ಬಣ್ಣಬಣ್ಣದ ನಕ್ಷೆಗಳು. ಮನೆಗೆ ಒಂದು ಅಧ್ಯಾಯ, ಸಾರಿಗೆಗೆ ಒಂದು, ನೀರು ಮತ್ತು ಒಳಚರಂಡಿಗೆ ಒಂದು. ಜನಸಂಖ್ಯೆ 1.2 ಲಕ್ಷ ಆಗುತ್ತದೆ ಅಂತ ಬರೆದಿದ್ದಾರೆ. ಆಕ್ಷೇಪಣೆ ಸಲ್ಲಿಸೋಕೆ ಒಂದು ತಿಂಗಳು ಇದೆ. ನಾನು ಎಂಜಿನಿಯರ್ ಅಲ್ಲ. ಇದರಲ್ಲಿ ಮೊದಲು ಏನು ನೋಡಬೇಕು? ಅಷ್ಟಕ್ಕೂ 20 ವರ್ಷ ಆಚೆಗಿನದ್ದನ್ನು ಯಾರಾದರೂ ಹೇಳೋಕೆ ಆಗುತ್ತಾ?

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಅದಕ್ಕೆ ಉತ್ತರ ಚಿಕ್ಕದು. ಆಗುವುದಿಲ್ಲ. ನಿಮಗೂ ಆಗುವುದಿಲ್ಲ, ನನಗೂ ಆಗುವುದಿಲ್ಲ, ಆ 300 ಪುಟ ಬರೆದವರಿಗೂ ಆಗುವುದಿಲ್ಲ.

1.2 ಲಕ್ಷ ಅನ್ನುವುದು ಎಲ್ಲಿಂದ ಬಂತು ನೋಡಿ. 60 ಸಾವಿರ ಇದ್ದದ್ದು 20 ವರ್ಷದಲ್ಲಿ ಎರಡರಷ್ಟಾಗಬೇಕಾದರೆ ವರ್ಷಕ್ಕೆ ಸುಮಾರು ಶೇ 3.5 ಬೆಳೆಯಬೇಕು. ಅದೇ ಶೇ 2 ಬೆಳೆದರೆ 89 ಸಾವಿರಕ್ಕೆ ನಿಲ್ಲುತ್ತದೆ. ಶೇ 5 ಬೆಳೆದರೆ 1.59 ಲಕ್ಷ. ಎರಡರ ನಡುವೆ 70 ಸಾವಿರ ಜನರ ಅಂತರ. ಅಂದರೆ ಈಗಿರುವ ನಿಮ್ಮ ಊರಿಗಿಂತ ದೊಡ್ಡ ಇನ್ನೊಂದು ಊರೇ ಆ ಅಂತರದಲ್ಲಿ ಅಡಗಿ ಕೂತಿದೆ. ಒಂದು ದೊಡ್ಡ ಕಾರ್ಖಾನೆ ಬಂದರೆ ಲೆಕ್ಕ ಮೇಲಕ್ಕೆ, ಇರುವುದು ಮುಚ್ಚಿದರೆ ಕೆಳಕ್ಕೆ. ಹಾಗಂತ ಅವರು ಸುಳ್ಳು ಬರೆದಿದ್ದಾರೆ ಅಂತಲ್ಲ. ಯಾವುದೋ ಒಂದು ಅಂಕಿ ಇಟ್ಟುಕೊಳ್ಳದೆ ಪೈಪಿನ ಅಳತೆ ಲೆಕ್ಕ ಹಾಕೋಕೆ ಆಗುವುದಿಲ್ಲ. ಎಡವಟ್ಟಾಗುವುದು ಆ ಒಂದೇ ಅಂಕಿಯ ಮೇಲೆ ಇಡೀ ಊರನ್ನು ಪಣಕ್ಕಿಟ್ಟಾಗ.

ಕೆನಡಾದ ಮಾಂಟ್ರಿಯಲ್‌ನಲ್ಲಿ ಹಾಗೇ ಆಯಿತು. ಮುಂದೆ ವಿಮಾನ ಪ್ರಯಾಣ ವಿಪರೀತ ಹೆಚ್ಚುತ್ತದೆ ಅಂತ ಲೆಕ್ಕ ಹಾಕಿ, ಊರಿಂದ ದೂರದಲ್ಲಿ ಹೆಚ್ಚುಕಡಿಮೆ 40 ಸಾವಿರ ಹೆಕ್ಟೇರ್ ಜಾಗವನ್ನು ಜನರಿಂದ ತೆಗೆದುಕೊಂಡು ಮಿರಾಬೆಲ್ ಅನ್ನುವ ವಿಮಾನ ನಿಲ್ದಾಣ ಕಟ್ಟಿದರು. 1975ರಲ್ಲಿ ಅದು ತೆರೆಯಿತು. ಅಲ್ಲಿಗೆ ಹಾಕುತ್ತೇವೆ ಅಂದಿದ್ದ ರೈಲು ಬರಲೇ ಇಲ್ಲ. ಅಂದುಕೊಂಡಷ್ಟು ಜನರೂ ಬರಲಿಲ್ಲ. 2004ರಲ್ಲಿ ಪ್ರಯಾಣಿಕರ ವಿಮಾನ ನಿಂತವು, 2014ರಲ್ಲಿ ಟರ್ಮಿನಲ್ ಕೆಡವೋಕೆ ಶುರು ಮಾಡಿದರು. ತೆಗೆದುಕೊಂಡ ಜಮೀನಿನಲ್ಲಿ ಬಹುಪಾಲನ್ನು ವಾಪಸ್ ಕೊಡಬೇಕಾಯಿತು.

ಈಗ ಇದಕ್ಕೆ ಉಲ್ಟಾ ಒಂದು ಕಥೆ. 1811ರಲ್ಲಿ ನ್ಯೂಯಾರ್ಕ್‌ಗೆ ಒಂದು ನಕ್ಷೆ ಬರೆದರು. ಆಗ ಅಲ್ಲಿದ್ದದ್ದು 1 ಲಕ್ಷಕ್ಕೂ ಕಡಿಮೆ ಜನ, ಅವರೂ ಮ್ಯಾನ್‌ಹಟನ್ ದ್ವೀಪದ ಒಂದು ತುದಿಯಲ್ಲಿ. ನಕ್ಷೆ ಬರೆದವರು ಮಾತ್ರ ಹೊಲ, ಗುಡ್ಡ, ಜವುಗು ಎಲ್ಲದರ ಮೇಲೂ 155ನೇ ರಸ್ತೆಯವರೆಗೆ ಗೆರೆ ಎಳೆದುಬಿಟ್ಟರು. ಎಲ್ಲಿ ಅಂಗಡಿ ಬರಬೇಕು, ಎಲ್ಲಿ ಮನೆ, ಎಷ್ಟು ಎತ್ತರ, ಯಾವುದನ್ನೂ ಹೇಳಲಿಲ್ಲ. ಎಲ್ಲಿ ರಸ್ತೆ ಅಂತ ಮಾತ್ರ ಹೇಳಿದರು. ಕುದುರೆ ಗಾಡಿ ಹೋಯಿತು, ಟ್ರಾಮ್ ಬಂದು ಹೋಯಿತು, ಕೆಳಗೆ ಮೆಟ್ರೋ ಬಂತು, ಮೇಲೆ ಕಟ್ಟಡಗಳು ಎಷ್ಟು ಸಲ ಬಿದ್ದು ಎದ್ದವೋ ಲೆಕ್ಕವಿಲ್ಲ. ರಸ್ತೆಗಳು ಬಹುಮಟ್ಟಿಗೆ ಅಲ್ಲೇ ಇವೆ. ಅವರು ಮರೆತದ್ದು ಒಂದು, ಅಷ್ಟು ದೊಡ್ಡ ಊರಿಗೆ ತಕ್ಕ ದೊಡ್ಡ ಪಾರ್ಕು. 1850ರ ದಶಕದಲ್ಲಿ ಸೆಂಟ್ರಲ್ ಪಾರ್ಕ್‌ಗೆ ಜಾಗ ಬೇಕು ಅಂದಾಗ ಅಲ್ಲಿ ಬದುಕುತ್ತಿದ್ದ ಸುಮಾರು 1600 ಜನರನ್ನು ಎಬ್ಬಿಸಬೇಕಾಯಿತು.

ಹಾಗಾಗಿ ನಕ್ಷೆ ತೆರೆದಾಗ ಮನೆಗಳಿಗೆ ಅಂತ ಬಳಿದ ಹಳದಿ ಎಲ್ಲಿದೆ, ಕೆಂಪು ಎಲ್ಲಿದೆ ಅಂತ ಮೊದಲು ನೋಡಬೇಡಿ. ಬಣ್ಣ ಬದಲಾಗುತ್ತದೆ. ಇವತ್ತು ವಸತಿ ವಲಯ ಅಂದದ್ದು ನಾಳೆ ಒಂದು ತಿದ್ದುಪಡಿಯಲ್ಲಿ ವಾಣಿಜ್ಯ ಆಗಬಹುದು. ಬದಲಾಗದೇ ಇರುವುದು ಗೆರೆ. ರಸ್ತೆಗೆ ಬಿಟ್ಟ ಜಾಗ, ನೀರು ಹರಿಯುವ ದಾರಿ, ಒಳಚರಂಡಿಯ ಮುಖ್ಯ ಕೊಳವೆ, ಶಾಲೆಗೆ ಮತ್ತು ಪಾರ್ಕಿಗೆ ಉಳಿಸಿದ ಜಾಗ. ಇವುಗಳ ಮೇಲೆ ಒಂದು ಸಲ ಮನೆ ಎದ್ದಿತೋ, ಆಮೇಲೆ ಎಷ್ಟು ಕೋಟಿ ಸುರಿದರೂ ವಾಪಸ್ ಬರುವುದು ಕಷ್ಟ. ಊರು 89 ಸಾವಿರವೇ ಆಗಲಿ, 1.59 ಲಕ್ಷವೇ ಆಗಲಿ, ಗೆರೆ ಸರಿ ಇದ್ದರೆ ಉಳಿದದ್ದನ್ನು ಮುಂದೆ ತಿದ್ದಿಕೊಳ್ಳಬಹುದು.

ಮೊದಲು ರಸ್ತೆಯ ಗೆರೆ. ನ್ಯೂಯಾರ್ಕ್ ವಿಶ್ವವಿದ್ಯಾಲಯದ ಶ್ಲೋಮೋ ಏಂಜೆಲ್ ಅನ್ನುವವರು ಬೇಗ ಬೆಳೆಯುವ ಊರುಗಳಿಗೆ ತುಂಬಾ ಸರಳವಾದ ಸಲಹೆ ಕೊಡುತ್ತಾರೆ. ಊರಿನ ಹೊರಗೆ, ಇನ್ನೂ ಖಾಲಿ ಇರುವ ಕಡೆ, ಸುಮಾರು 1 ಕಿ.ಮೀ.ಗೆ ಒಂದರಂತೆ 30 ಮೀಟರ್ ಅಗಲದ ರಸ್ತೆಗಳಿಗೆ ಜಾಗ ಕಾದಿರಿಸಿ. ರಸ್ತೆ ಹಾಕಬೇಕಿಲ್ಲ, ಜಾಗ ಕಾದಿರಿಸಿದರೆ ಸಾಕು. ಇಥಿಯೋಪಿಯಾ ಮತ್ತು ಕೊಲಂಬಿಯಾದ ಕೆಲವು ಊರುಗಳು ಇದನ್ನು ಮಾಡಿವೆ. ಲೆಕ್ಕ ನೀವೇ ಹಾಕಿ ನೋಡಿ. ಒಂದು ಚದರ ಕಿಲೋಮೀಟರಿಗೆ ಆ ಕಡೆ 1 ಕಿ.ಮೀ., ಈ ಕಡೆ 1 ಕಿ.ಮೀ., ಒಟ್ಟು 2 ಕಿ.ಮೀ. ರಸ್ತೆ. ಅದನ್ನು 30 ಮೀಟರ್ ಅಗಲದಿಂದ ಗುಣಿಸಿದರೆ ಒಟ್ಟು ಜಾಗದ ಶೇ 6 ಮಾತ್ರ. ಇಷ್ಟಕ್ಕೆ ಸಿಗುವುದೇನು? ಎಲ್ಲೇ ಮನೆ ಇದ್ದರೂ ಅರ್ಧ ಕಿಲೋಮೀಟರ್ ಆಸುಪಾಸಿನಲ್ಲಿ ಬಸ್ ಓಡುವಂಥ ರಸ್ತೆ, ಅದರ ಕೆಳಗೆ ದೊಡ್ಡ ಪೈಪ್ ಹಾಕೋಕೆ ಜಾಗ, ಮುಂದೊಂದು ದಿನ ಟ್ರಾಮೋ ಇನ್ನೇನೋ ಬಂದರೆ ಅದಕ್ಕೂ ದಾರಿ. ಇದನ್ನು ಮಾಡದಿದ್ದರೆ ಒಬ್ಬೊಬ್ಬ ಮಾಲೀಕ ತನ್ನ ಜಮೀನಿನಲ್ಲಿ ತನಗೆ ತೋಚಿದಂತೆ ಲೇಔಟ್ ಮಾಡುತ್ತಾನೆ, ಒಂದರ ರಸ್ತೆ ಇನ್ನೊಂದರ ಗೋಡೆಗೆ ಬಂದು ಮುಗಿಯುತ್ತದೆ, ಕೊನೆಗೆ ಪಕ್ಕದ ಬಡಾವಣೆಗೆ ಹೋಗೋಕೂ ಎರಡು ಕಿಲೋಮೀಟರ್ ಸುತ್ತಬೇಕಾಗುತ್ತದೆ.

ನಕ್ಷೆಯಲ್ಲಿ ಗೆರೆ ಇದ್ದರೆ ಸಾಲದು ಅನ್ನುವುದನ್ನೂ ಹೇಳಬೇಕು. ನಾನು ಈ ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಊರಿನ ವರ್ತುಲ ರಸ್ತೆಯ ಗೆರೆ ಎಳೆದವರಲ್ಲಿ ನಾನೂ ಒಬ್ಬ. ಕಾಗದದ ಮೇಲೆ ಬಹಳ ಚೆಂದ ಬಂದಿತ್ತು. ನೆಲದ ಮೇಲೆ ಒಂದು ಕಲ್ಲೂ ನೆಡಲಿಲ್ಲ. ಎಂಟು ಹತ್ತು ವರ್ಷ ಬಿಟ್ಟು ಹೋಗಿ ನೋಡಿದರೆ ಆ ಗೆರೆಯ ಮೇಲೇ ಮನೆಗಳ ಸಾಲು. ಕಟ್ಟಿದವರಿಗೆ ಅಲ್ಲೊಂದು ರಸ್ತೆ ಇತ್ತು ಅನ್ನುವುದೇ ಗೊತ್ತಿರಲಿಲ್ಲ. ಅವರದ್ದೇನು ತಪ್ಪು ಹೇಳಿ? ಆದ್ದರಿಂದ ನಿಮ್ಮ ಪ್ಲಾನ್‌ನಲ್ಲಿ ಇದನ್ನು ಹುಡುಕಿ: ಈ ರಸ್ತೆಯ ಜಾಗ ಯಾವ ವಿಧಾನದಲ್ಲಿ ಊರಿನ ಕೈಗೆ ಬರುತ್ತದೆ, ಯಾವ ವರ್ಷದೊಳಗೆ, ಗುರುತು ಕಲ್ಲು ಯಾರು ನೆಡುತ್ತಾರೆ? ದುಡ್ಡು ಕೊಟ್ಟು ಕೊಳ್ಳುವುದು ಒಂದು ದಾರಿ. ಇನ್ನೊಂದು, ಅಕ್ಕಪಕ್ಕದ ಮಾಲೀಕರ ಜಮೀನನ್ನೆಲ್ಲ ಒಟ್ಟು ಸೇರಿಸಿ, ರಸ್ತೆ ಮತ್ತು ಪಾರ್ಕಿಗೆ ಬೇಕಾದ ಪಾಲು ತೆಗೆದು, ಉಳಿದದ್ದನ್ನು ಸರಿಯಾದ ಆಕಾರದ ಸೈಟುಗಳಾಗಿ ಅವರಿಗೇ ವಾಪಸ್ ಹಂಚುವುದು. ಜಪಾನಿನಲ್ಲಿ ಬಹಳಷ್ಟು ನಗರ ಪ್ರದೇಶ ಬೆಳೆದದ್ದು ಹೀಗೆ. ಗುಜರಾತಿನಲ್ಲೂ ಟೌನ್ ಪ್ಲಾನಿಂಗ್ ಸ್ಕೀಮ್ ಅಂತ ಇದೇ ನಡೆಯುತ್ತದೆ. ಮಾಲೀಕನಿಗೆ ಜಾಗ ಕಡಿಮೆಯಾಗುತ್ತದೆ, ಆದರೆ ರಸ್ತೆ ಬಂದದ್ದರಿಂದ ಉಳಿದ ಜಾಗದ ಬೆಲೆ ಏರುತ್ತದೆ. ಎರಡರಲ್ಲಿ ಯಾವುದನ್ನೂ ಹೇಳದೆ ಬರೀ ಗೆರೆ ಎಳೆದಿದ್ದರೆ ನಿಮ್ಮ ಮೊದಲ ಆಕ್ಷೇಪಣೆ ಅದೇ ಆಗಲಿ.

ಇನ್ನು ನೆಲದ ಕೆಳಗಿನ ಗೆರೆ. ಇದನ್ನು ಯಾರೂ ನೋಡುವುದಿಲ್ಲ, ಅದಕ್ಕೇ ಸ್ವಲ್ಪ ಜಾಸ್ತಿ ಹೇಳುತ್ತೇನೆ.

ಒಬ್ಬರಿಗೆ ದಿನಕ್ಕೆ 150 ಲೀಟರ್ ನೀರು ಅಂತ ಇಟ್ಟುಕೊಳ್ಳಿ. 1.2 ಲಕ್ಷ ಜನಕ್ಕೆ 1 ಕೋಟಿ 80 ಲಕ್ಷ ಲೀಟರ್. ಮನೆಗೆ ಬಂದ ನೀರಿನಲ್ಲಿ ಸುಮಾರು ಶೇ 80 ಕೊಳಚೆಯಾಗಿ ಹೊರಗೆ ಹೋಗುತ್ತದೆ ಅನ್ನುವುದು ಎಂಜಿನಿಯರುಗಳ ಸಾಮಾನ್ಯ ಲೆಕ್ಕ, ಅಂದರೆ ದಿನಕ್ಕೆ 1 ಕೋಟಿ 44 ಲಕ್ಷ ಲೀಟರ್. ನೀರಿನ ಅಧ್ಯಾಯದಲ್ಲಿ ದೊಡ್ಡ ಅಂಕಿ, ಕೊಳಚೆಯ ಅಧ್ಯಾಯದಲ್ಲಿ ಅದರ ಅರ್ಧ ಇದ್ದರೆ, ಉಳಿದದ್ದು ಎಲ್ಲಿಗೆ ಹೋಗುತ್ತದೆ ಅಂತ ಕೇಳಿ. ಹಳ್ಳಕ್ಕೆ, ಕೆರೆಗೆ, ಇನ್ನೆಲ್ಲಿಗೆ?

ಕುಡಿಯುವ ನೀರನ್ನು ಒತ್ತಡದಲ್ಲಿ ಎಲ್ಲಿಗೆ ಬೇಕಾದರೂ ಏರಿಸಬಹುದು. ಕೊಳಚೆ ಹಾಗಲ್ಲ, ಅದು ಆದಷ್ಟೂ ತನ್ನ ಪಾಡಿಗೆ ಇಳಿಜಾರಿನಲ್ಲಿ ಹರಿಯಬೇಕು. ಹಾಗಾಗಿ ಒಳಚರಂಡಿ ಕಟ್ಟುವುದು ತಗ್ಗಿನ ಕಡೆಯಿಂದ ಮೇಲಕ್ಕೆ. ಶುದ್ಧೀಕರಣ ಘಟಕ ತಗ್ಗಿನಲ್ಲಿರಬೇಕು, ಮುಖ್ಯ ಕೊಳವೆ ಅಲ್ಲಿಂದ ಹೊರಟು ಹೊಸ ಬಡಾವಣೆಯ ಬಾಗಿಲಿಗೆ ಬಂದು ನಿಂತಿರಬೇಕು, ಆಮೇಲೆ ಮನೆ. ಎಷ್ಟೋ ಕಡೆ ಇದು ತಲೆಕೆಳಗು. ಮನೆ ಮೊದಲು, ಅಲ್ಲಲ್ಲಿ ಗುಂಡಿ, ಹದಿನೈದು ವರ್ಷ ಆದಮೇಲೆ ಟಾರು ರಸ್ತೆ ಅಗೆದು ಪೈಪು. ಇಳಿಜಾರಿಗೆ ವಿರುದ್ಧವಾಗಿ ಬಡಾವಣೆಗೆ ಜಾಗ ಗುರುತಿಸಿದ್ದರೆ ಪ್ರತಿ ಲೀಟರನ್ನೂ ಪಂಪ್ ಮಾಡಬೇಕು, ಕರೆಂಟ್ ಬಿಲ್ ಆ ಊರು ಇರುವವರೆಗೂ ಕಟ್ಟಬೇಕು.

ಹಾಗಾದರೆ ಎಲ್ಲವನ್ನೂ 1.59 ಲಕ್ಷಕ್ಕೇ ಕಟ್ಟಿಬಿಡೋಣವಾ? ಇಲ್ಲ. ಇಲ್ಲೊಂದು ಜಾಣತನ ಬೇಕು. ಹೂತ ಕೊಳವೆ 50 ವರ್ಷಕ್ಕೂ ಜಾಸ್ತಿ ಬಾಳುತ್ತದೆ, ಅಗೆದು ಬದಲಿಸುವುದು ನರಕ. ಆದ್ದರಿಂದ ಮುಖ್ಯ ಕೊಳವೆಯನ್ನು ದೂರದ ಅಂಕಿಗೆ ಹಾಕಿ. ಪಂಪು, ಯಂತ್ರ ಹದಿನೈದು ಇಪ್ಪತ್ತು ವರ್ಷಕ್ಕೆ ಹೇಗಿದ್ದರೂ ಹೋಗುತ್ತವೆ, ಅವನ್ನು ಇವತ್ತಿನ ಅಗತ್ಯಕ್ಕೆ ಹಾಕಿ. ಶುದ್ಧೀಕರಣ ಘಟಕಕ್ಕೆ ಜಾಗ ಪೂರ್ತಿ ತೆಗೆದುಕೊಳ್ಳಿ, ತೊಟ್ಟಿಗಳನ್ನು ಒಂದೊಂದಾಗಿ ಕಟ್ಟುತ್ತಾ ಹೋಗಿ. ಕೊಳವೆಯಲ್ಲೂ ಅತಿ ಮಾಡುವ ಹಾಗಿಲ್ಲ. ತೀರಾ ದೊಡ್ಡ ಕೊಳವೆಯಲ್ಲಿ ಸ್ವಲ್ಪವೇ ಹರಿದರೆ ವೇಗ ಸಾಲದೆ ಕಸ ತಳದಲ್ಲಿ ಕೂತುಬಿಡುತ್ತದೆ. ಸೆಕೆಂಡಿಗೆ 0.6 ಮೀಟರ್ ಆದರೂ ಓಡಬೇಕು ಅಂತ ಎಂಜಿನಿಯರುಗಳು ನೋಡಿಕೊಳ್ಳುವುದು ಅದಕ್ಕೇ.

ಮಳೆನೀರಿನ ವಿಷಯ ಎರಡೇ ಮಾತು. ನಕ್ಷೆಯಲ್ಲಿ ಹಳ್ಳ, ಕಾಲುವೆ, ತಗ್ಗು ಪ್ರದೇಶ ಯಾವ ಬಣ್ಣದಲ್ಲಿದೆ ನೋಡಿ. ಅಲ್ಲಿ ಹಳದಿ ಬಳಿದಿದ್ದರೆ ನೀರು ಓದು ಬರಹ ಕಲಿತಿಲ್ಲ ಅಂತ ಅವರಿಗೆ ನೆನಪಿಸಿ.

ಈಗ ಮನೆ. ಜನಸಂಖ್ಯೆ ಎರಡರಷ್ಟಾದರೆ ಮನೆಯೂ ಎರಡರಷ್ಟು ಸಾಕು ಅಂತ ಪ್ಲಾನ್ ಹೇಳುತ್ತಿದ್ದರೆ ಅಲ್ಲೇ ಒಂದು ಗುರುತು ಹಾಕಿ. ಮನೆ ಬೇಕಾಗುವುದು ಸಂಸಾರಕ್ಕೆ, ತಲೆಗಲ್ಲ. ಇವತ್ತು ಒಂದು ಮನೆಯಲ್ಲಿ ಸರಾಸರಿ 5 ಜನ ಅಂತ ಇಟ್ಟುಕೊಂಡರೆ 60 ಸಾವಿರ ಜನಕ್ಕೆ 12 ಸಾವಿರ ಮನೆ. ಸಂಸಾರ ಚಿಕ್ಕದಾಗುತ್ತಾ ಬಂದು 3.5 ಆದರೆ 1.2 ಲಕ್ಷ ಜನಕ್ಕೆ 34 ಸಾವಿರಕ್ಕೂ ಜಾಸ್ತಿ ಮನೆ ಬೇಕು. ಜನ ಎರಡರಷ್ಟು, ಮನೆ ಹೆಚ್ಚುಕಡಿಮೆ ಮೂರರಷ್ಟು. ಊರು ಒಬ್ಬರೂ ಬೆಳೆಯದೆ 60 ಸಾವಿರದಲ್ಲೇ ನಿಂತರೂ ಇನ್ನೂ 5 ಸಾವಿರ ಮನೆ ಬೇಕಾಗುತ್ತದೆ. ಬಾಡಿಗೆ ಯಾಕೆ ಏರುತ್ತದೆ ಅಂತ ತಲೆ ಕೆಡಿಸಿಕೊಳ್ಳುವವರು ಈ ಲೆಕ್ಕವನ್ನು ಒಮ್ಮೆ ಹಾಕಬೇಕು.

ಆ ಮನೆಗಳು ಎಲ್ಲಿ ಬರಬೇಕು? ಎಲ್ಲವೂ ಊರ ಹೊರಗೆ ಅಂತಲೇ ಆಗಬೇಕಿಲ್ಲ. ಈಗಿರುವ ಬೀದಿಗಳಲ್ಲೇ ಒಂದು ಮಹಡಿ ಜಾಸ್ತಿ ಬಿಟ್ಟರೆ, ಒಂದು ದೊಡ್ಡ ಸೈಟಿನಲ್ಲಿ ಮೂರು ನಾಲ್ಕು ಮನೆ ಕಟ್ಟೋಕೆ ಬಿಟ್ಟರೆ, ಎಷ್ಟೋ ಮನೆ ಅಲ್ಲೇ ಹುಟ್ಟುತ್ತವೆ. ನ್ಯೂಜಿಲೆಂಡಿನ ಆಕ್ಲೆಂಡ್ 2016ರಲ್ಲಿ ತನ್ನ ವಸತಿ ಪ್ರದೇಶದ ಸುಮಾರು ಮುಕ್ಕಾಲು ಭಾಗದಲ್ಲಿ ಹೀಗೆ ನಿಯಮ ಸಡಿಲಿಸಿತು, ಆಮೇಲಿನ ವರ್ಷಗಳಲ್ಲಿ ಹೊಸ ಮನೆಗಳಿಗೆ ಅನುಮತಿ ಜೋರಾಗಿ ಏರಿತು. ನಿಯಮದ ಪುಟದಲ್ಲಿ ಕನಿಷ್ಠ ಸೈಟಿನ ಅಳತೆ, ಸುತ್ತ ಬಿಡಬೇಕಾದ ಜಾಗ, ಮಹಡಿ ಮಿತಿ, ಪಾರ್ಕಿಂಗ್ ನೋಡಿ. ಒಂದು ಕಾರು ನಿಲ್ಲಿಸೋಕೆ, ತಿರುಗಿಸೋಕೆ ಎಲ್ಲ ಸೇರಿ 25ರಿಂದ 30 ಚದರ ಮೀಟರ್ ಬೇಕು. ಒಂದು ಪುಟ್ಟ ಮನೆಯ ಅಳತೆ ಅದು! ಕಾರೇ ಇಲ್ಲದವನ ಮನೆಗೂ ಪಾರ್ಕಿಂಗ್ ಕಡ್ಡಾಯ ಮಾಡಿದರೆ ಅದರ ಖರ್ಚು ಅವನ ಬಾಡಿಗೆಗೆ ಸೇರುತ್ತದೆ. ಅಮೆರಿಕದ ಬಫಲೋ ನಗರ 2017ರಲ್ಲಿ ಈ ಕಡ್ಡಾಯವನ್ನೇ ತೆಗೆದುಹಾಕಿತು.

ನಿಯಮ ಸಡಿಲಿಸಿದ ಮಾತ್ರಕ್ಕೆ ಬಡವರಿಗೆ ಮನೆ ಸಿಗುತ್ತದೆ ಅಂತ ನಾನು ನಂಬುವುದಿಲ್ಲ, ಅದನ್ನು ಹೇಳಿಬಿಡುತ್ತೇನೆ. ಕಡಿಮೆ ಆದಾಯದವರಿಗೆ ಮನೆ ಕೊಡುವುದರಲ್ಲಿ ಗೆದ್ದ ಊರುಗಳು ಜಾಗ ಕೈಯಲ್ಲಿಟ್ಟುಕೊಂಡವು. ವಿಯೆನ್ನಾ ನಗರಸಭೆ 1919ರಿಂದ 1934ರ ನಡುವೆ 60 ಸಾವಿರಕ್ಕೂ ಜಾಸ್ತಿ ಮನೆ ಕಟ್ಟಿತು. ಇವತ್ತಿಗೂ ಅಲ್ಲಿನ ಸುಮಾರು ಅರ್ಧ ಜನ ನಗರಸಭೆಯ ಅಥವಾ ಸರ್ಕಾರದ ನೆರವಿನ ಮನೆಗಳಲ್ಲೇ ಇದ್ದಾರೆ. ಸಿಂಗಪುರ 1960ರಲ್ಲಿ ಇದಕ್ಕೇ ಒಂದು ಮಂಡಳಿ ಮಾಡಿತು, ಜಾಗ ತೆಗೆದುಕೊಳ್ಳೋಕೆ 1966ರಲ್ಲಿ ಗಟ್ಟಿ ಕಾನೂನು ತಂದಿತು. ನಿಮ್ಮ ಊರಿನ ಕೈಯಲ್ಲಿರುವ ಖಾಲಿ ಜಾಗದ ಪಟ್ಟಿ ಆ 300 ಪುಟದಲ್ಲಿ ಇದೆಯಾ ಹುಡುಕಿ. ಎಷ್ಟೋ ಪ್ಲಾನ್‌ಗಳಲ್ಲಿ ಇರುವುದೇ ಇಲ್ಲ. ಇದ್ದರೆ, ಯಾವುದನ್ನು ಮಾರುವ ಯೋಚನೆ ಇದೆ ನೋಡಿ. ಮಾರಬೇಡಿ, ಬೇಕಾದರೆ ಗುತ್ತಿಗೆಗೆ ಕೊಡಿ ಅನ್ನುವುದು ನನ್ನ ಅಭಿಪ್ರಾಯ.

ಸಾರಿಗೆ ಅಧ್ಯಾಯದಲ್ಲಿ ಮೆಟ್ರೋ, ಮೇಲ್ಸೇತುವೆ ಚಿತ್ರಗಳಿದ್ದರೆ ಸುಮ್ನೆ ಪುಟ ತಿರುಗಿಸಿ. ನಿಮ್ಮ ಗಾತ್ರದ ಊರಿಗೆ ಬೇಕಾದದ್ದು ಬಸ್ಸು, ಅದೂ ಕಾಯಿಸದ ಬಸ್ಸು. ಹೋಗಿ ಬರೋಕೆ ಒಂದು ಗಂಟೆ ಹಿಡಿಯುವ ಮಾರ್ಗದಲ್ಲಿ ಒಂದೇ ಬಸ್ ಓಡಿದರೆ ಗಂಟೆಗೊಂದು. ಅದನ್ನು ತಪ್ಪಿಸಿಕೊಂಡವನು ಮರುದಿನವೇ ಬೈಕ್ ಕೊಳ್ಳುವ ಯೋಚನೆ ಮಾಡುತ್ತಾನೆ. ನಾಲ್ಕು ಬಸ್ ಹಾಕಿದರೆ ಕಾಲು ಗಂಟೆಗೊಂದು, ಆರು ಹಾಕಿದರೆ ಹತ್ತು ನಿಮಿಷಕ್ಕೊಂದು. ಪ್ಲಾನ್‌ನಲ್ಲಿ ಮಾರ್ಗಗಳ ನಕ್ಷೆ ಇದ್ದು ಎಷ್ಟು ನಿಮಿಷಕ್ಕೆ ಬಸ್ ಅನ್ನುವುದು ಇಲ್ಲದಿದ್ದರೆ ಅದು ಸಾರಿಗೆ ಯೋಜನೆ ಅಲ್ಲ, ಬರೀ ಚಿತ್ರ. ಎಲ್ಲರ ಮನೆ ಬಾಗಿಲಿಗೂ ಸುತ್ತಿಕೊಂಡು ಹೋಗುವ ಹತ್ತು ಮಾರ್ಗಕ್ಕಿಂತ ನೆಟ್ಟಗೆ ಓಡುವ ಮೂರು ಮಾರ್ಗ ವಾಸಿ. ಮತ್ತೆ ಆ ನೆಟ್ಟಗಿನ ರಸ್ತೆ ಎಲ್ಲಿಂದ ಬರಬೇಕು? ಮೇಲೆ ಹೇಳಿದ ಶೇ 6ರಿಂದಲೇ.

ಬ್ರೆಜಿಲ್‌ನ ಕುರಿಟಿಬ ಇದನ್ನು ಚೆನ್ನಾಗಿ ಅರ್ಥ ಮಾಡಿಕೊಂಡಿತು. ವಾಸ್ತುಶಿಲ್ಪಿ ಜೈಮೆ ಲೆರ್ನರ್ ಮೇಯರ್ ಆಗಿದ್ದಾಗ, 1974ರಲ್ಲಿ, ಅಲ್ಲಿ ಬಸ್ಸಿಗೇ ಬೇರೆ ದಾರಿ ಬಿಟ್ಟರು, ಎತ್ತರದ ಕಟ್ಟಡಗಳನ್ನು ಆ ದಾರಿಯ ಅಕ್ಕಪಕ್ಕಕ್ಕೇ ಎಳೆದು ತಂದರು. ಮನೆ ಅಧ್ಯಾಯ, ಬಸ್ ಅಧ್ಯಾಯ ಎರಡೂ ಒಂದೇ ಆದದ್ದು ಹಾಗೆ. ವಿಯೆನ್ನಾದ ಆಸ್ಪರ್ನ್ ಅನ್ನುವ ಹೊಸ ಬಡಾವಣೆಗೆ ಮೆಟ್ರೋ ಮುಟ್ಟಿದ್ದು 2013ರಲ್ಲಿ, ಮೊದಲ ನಿವಾಸಿಗಳು ಬಂದದ್ದು 2014ರಲ್ಲಿ. ರೈಲು ಮೊದಲು, ಜನ ಆಮೇಲೆ. ಮನೆಗೆ ಬಂದ ದಿನವೇ ಬಸ್ಸೋ ರೈಲೋ ಇದ್ದರೆ ಜನ ಅದಕ್ಕೆ ಒಗ್ಗಿಕೊಳ್ಳುತ್ತಾರೆ. ಐದು ವರ್ಷ ಬಿಟ್ಟು ಬಂದರೆ ಅಷ್ಟರಲ್ಲಿ ಪ್ರತಿ ಮನೆಯಲ್ಲೂ ಗಾಡಿ ಇರುತ್ತದೆ. ರಸ್ತೆ ಅಗಲ ಮಾಡಿದರೆ ದಟ್ಟಣೆ ಕಡಿಮೆಯಾಗುತ್ತದೆ ಅಂತ ಯಾರಾದರೂ ವಾದಿಸಿದರೆ ಅಮೆರಿಕದ ಹ್ಯೂಸ್ಟನ್‌ನ ಕೇಟಿ ಫ್ರೀವೇ ಅನ್ನುವ ಹೆದ್ದಾರಿಯ ಹೆಸರು ಹೇಳಿ. 2008ರಲ್ಲಿ ಅದನ್ನು ಕೆಲವು ಕಡೆ, ಪಕ್ಕದ ರಸ್ತೆಗಳೂ ಸೇರಿ, 26 ಲೇನ್‌ವರೆಗೆ ಅಗಲ ಮಾಡಿದರು. ಕೆಲವೇ ವರ್ಷದಲ್ಲಿ ದಟ್ಟಣೆ ವೇಳೆಯ ಪ್ರಯಾಣದ ಸಮಯ ಮತ್ತೆ ಏರಿತು.

ದುಡ್ಡಿನ ಪುಟ ಕೊನೆಯಲ್ಲಿರುತ್ತದೆ, ಅಷ್ಟರಲ್ಲಿ ಎಲ್ಲರಿಗೂ ನಿದ್ದೆ ಬಂದಿರುತ್ತದೆ. ಅಲ್ಲಿ ಕಟ್ಟುವ ಖರ್ಚು ಇರುತ್ತದೆ, ನೋಡಿಕೊಳ್ಳುವ ಖರ್ಚು ಇರುವುದಿಲ್ಲ. ರಸ್ತೆಯ ಎರಡೂ ಕಡೆ 10 ಮೀಟರ್ ಅಗಲದ ಸೈಟುಗಳಿದ್ದರೆ ಒಂದು ಮನೆಯ ಪಾಲಿಗೆ 5 ಮೀಟರ್ ರಸ್ತೆ, 5 ಮೀಟರ್ ಪೈಪು. ಸೈಟು 30 ಮೀಟರ್ ಅಗಲವಾದರೆ ಅದೇ 15 ಮೀಟರ್. ಮೂರು ಪಟ್ಟು ರಸ್ತೆ, ಮೂರು ಪಟ್ಟು ಪೈಪು, ಆದರೆ ತೆರಿಗೆ ಮೂರು ಪಟ್ಟು ಬರುವುದು ಅಪರೂಪ. ಹೊಸದರಲ್ಲಿ ಏನೂ ಗೊತ್ತಾಗುವುದಿಲ್ಲ. ಎಲ್ಲವೂ ಒಟ್ಟಿಗೆ ಹಳೆಯದಾದಾಗ ಗೊತ್ತಾಗುತ್ತದೆ.

ಒಂದು ತಿಂಗಳಲ್ಲಿ 300 ಪುಟ ಓದಲೇಬೇಕು ಅಂತಿಲ್ಲ. ಮನೆ, ಸಾರಿಗೆ, ಒಳಚರಂಡಿ ಈ ಮೂರು ನಕ್ಷೆಗಳನ್ನು ಒಂದೇ ಅಳತೆಯಲ್ಲಿ ಟ್ರೇಸಿಂಗ್ ಪೇಪರ್ ಮೇಲೆ ಪ್ರಿಂಟ್ ಹಾಕಿಸಿ, ಒಂದರ ಮೇಲೊಂದು ಇಟ್ಟು ಕಿಟಕಿ ಗಾಜಿಗೆ ಅಂಟಿಸಿ. ಹೊಸ ಮನೆಗಳ ಹಳದಿ ಜಾಗ ಹುಡುಕಿ. ಅದರ ಮೇಲೆ ಮುಖ್ಯ ಕೊಳವೆಯ ಗೆರೆ ಬಂದಿದೆಯಾ? ಬಸ್ ಓಡುವ ರಸ್ತೆಯ ಗೆರೆ ಬಂದಿದೆಯಾ? ಬಂದಿದ್ದರೆ ಯಾವ ವರ್ಷಕ್ಕೆ? ಮನೆಗೆ ಐದನೇ ವರ್ಷ, ಕೊಳವೆಗೆ ಹದಿನೈದನೇ ವರ್ಷ ಅಂತಿದ್ದರೆ ನಡುವಿನ ಹತ್ತು ವರ್ಷ ಅಲ್ಲಿನ ಜನ ಏನು ಮಾಡಬೇಕು? ಎರಡು ಗೆರೆಯಲ್ಲಿ ಒಂದೂ ಇಲ್ಲದ ಹಳದಿ ತುಂಡು ಒಂದಾದರೂ ಸಿಕ್ಕೇ ಸಿಗುತ್ತದೆ, ಬೇಕಾದರೆ ಪಂಥ ಕಟ್ಟುತ್ತೇನೆ.

ಆಕ್ಷೇಪಣೆ ಬರೆಯುವಾಗ "ಯೋಜನೆ ಜನವಿರೋಧಿ" ಅಂತೆಲ್ಲ ಬರೆಯಬೇಡಿ, ಅದಕ್ಕೆ "ಪರಿಶೀಲಿಸಲಾಗಿದೆ" ಅನ್ನುವ ಒಂದೇ ಸಾಲಿನ ಉತ್ತರ ಬರುತ್ತದೆ. ಒಂದು ಅರ್ಜಿಗೆ ಒಂದೇ ವಿಷಯ. ಪುಟ ಸಂಖ್ಯೆ, ನಕ್ಷೆ ಸಂಖ್ಯೆ, ಜಾಗದ ಗುರುತು, ಏನು ಬದಲಾಗಬೇಕು, ಅಷ್ಟೇ. "ಇಂತಹ ರಸ್ತೆಯ ಜಾಗವನ್ನು ಎರಡು ವರ್ಷದೊಳಗೆ ಗುರುತು ಕಲ್ಲು ನೆಟ್ಟು ಕಾದಿರಿಸಬೇಕು" ಅಂತ ಬರೆದರೆ ಅವರು ಹೌದು ಅನ್ನಬೇಕು, ಇಲ್ಲವೇ ಯಾಕಿಲ್ಲ ಅಂತ ಹೇಳಬೇಕು. ನೆರೆಹೊರೆಯವರು ಹತ್ತು ಜನ ಸೇರಿ ಹತ್ತು ಬೇರೆ ಬೇರೆ ಜಾಗದ ಬಗ್ಗೆ ಬರೆಯಿರಿ, ಒಂದೇ ಪತ್ರಕ್ಕೆ ಹತ್ತು ಸಹಿ ಹಾಕಬೇಡಿ. ಕೊಟ್ಟ ಪ್ರತಿಯೊಂದಕ್ಕೂ ತಾರೀಖು ಮತ್ತು ಸೀಲು ಹಾಕಿಸಿದ ಪ್ರತಿ ಇಟ್ಟುಕೊಳ್ಳಿ, ಐದು ವರ್ಷದ ನಂತರ ತಿದ್ದುಪಡಿ ಬಂದಾಗ ಅದು ಬೇಕಾಗುತ್ತದೆ.